ಫ್ಲೆಕ್ಸಿಗೇರಿದ ಬಂಗು

ಕೆ.ಆರ್. ಪೇಟೆಯ ಸ್ಟುಡಿಯೋ ಶಂಕರ್ ಬೆಳಿಗ್ಗೆ ಎದ್ದ ಕೂಡಲೇ ಫೋನ್ ಮಾಡಿ, "ರಘು, ನಿನ್ ಮಖ ಬಸ್‌ಸ್ಟ್ಯಾಂಡ್ ಮುಂದೆ ಫ್ಲೆಕ್ಸ್ ಆಕುಸ್ತೀನಿ ಕಣ್ಲಾ. ಸಂಜೆ ಬಂದು ಫೋಟೊ ತೆಗುಸ್ಕೊಂಡೋಗು. ಮಖ ಎಂಗದೋ ಅಂಗೇ ಇರ್ಲಿ," ಎಂದವನೇ ಇಟ್ಟುಬಿಟ್ಟ. ಯಾತಕ್ಕೆ ಎಂದು ಕೇಳುವ ಬುದ್ಧಿ ರಘುನಂದನನಿಗೆ ಬರಲಿಲ್ಲ.

ಬರುವುದಾದರೂ ಹೇಗೆ? ಅವನ ಊರಲ್ಲಿ ಫ್ಲೆಕ್ಸ್ ಏರದೆ ಉಳಿದ ಮುಖ ಅವನದೊಂದೇ. ಹುಟ್ಟುಹಬ್ಬಕ್ಕೆ ಏರಿದವರಿದ್ದರು, ಡೇರಿ ಎಲೆಕ್ಷನ್ನಿಗೆ ಏರಿ, ಸೋತ ಮೇಲೆ ಮತದಾರರಿಗೆ ವಂದನೆ ಹೇಳಲು ಮತ್ತೊಮ್ಮೆ ಏರಿದವರಿದ್ದರು. ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಮಹಾಶಯ 'ಶಿಕ್ಷಣ ಪ್ರೇಮಿ' ಎಂದು ಏರಿದ್ದ. ರಘುನಂದನ ಮಾತ್ರ ಹಸು ಮೇಯಿಸಿಕೊಂಡು, ವಯಸ್ಸು ಮೀರಿದರೂ ಹೆಣ್ಣು ಸಿಗದೆ ಕೆಳಗೇ ಉಳಿದಿದ್ದ.

ಹೆಣ್ಣು ಸಿಗದ್ದಕ್ಕೆ ಕಾರಣ ಎಡಗೆನ್ನೆಯ ಬಂಗು. ಸೀದ ದೋಸೆಯಂಥ ಕಪ್ಪು ಕಲೆ. ನಾಗಮಂಗಲದ ಕಡೆಯ ಒಂದು ಸಂಬಂಧದವರು ಮೊನ್ನೆ ಅವನ ಫೋಟೊ ನೋಡಿ, "ಹುಡ್ಗ ಒಳ್ಳೇವ್ನೇ, ಆದ್ರೆ ಆ ಬಂಗು..." ಎಂದು ಮಾತು ಅರ್ಧಕ್ಕೇ ನಿಲ್ಲಿಸಿದ್ದರು. ಆಮೇಲೆ ಅವರ ಫೋನೇ ಇರಲಿಲ್ಲ. ಫ್ಲೆಕ್ಸ್ ಮೇಲೆ ನೋಡಿದರೆ ಅವರ ಮನಸ್ಸು ತಿರುಗೀತು ಎಂದು ರಘುನಂದನನಿಗೆ ಆಸೆ. ಬಂಗೂ ಫ್ಲೆಕ್ಸಿನಷ್ಟೇ ಅಗಲ ಕಂಡರೆ ಗತಿಯೇನು ಎಂದು ಅವ್ವ ಚಿಕ್ಕಬೋರಮ್ಮನಿಗೆ ಭಯ. ಆ ಭಯವನ್ನು ಆಕೆ ಪಕ್ಕದ ಮನೆಯ ಮಂಗಳಮ್ಮನ ಹತ್ತಿರ ಹೇಳಿಕೊಂಡದ್ದೇ ತಪ್ಪಾಯಿತು.

ಮಂಗಳಮ್ಮ ಹಾಲಿನಲ್ಲಿ ಜಾಜಿಕಾಯಿ ತೇಯ್ದು ತಂದೇಬಿಟ್ಟಳು. "ಬಳ್ಕೊಳ್ಲಾ ಮಗ. ನಮ್ ಅರುಣನ್ ಮಖ ನೋಡು, ಬೆಣ್ಣೆ ಇದ್ದಂಗದೆ." ಮಂಗಳಮ್ಮನ ಮಗ ಅರುಣ ಜನ್ಮದಲ್ಲಿ ಜಾಜಿಕಾಯಿ ಮುಟ್ಟಿದವನಲ್ಲ. ಬಿಸಿಲಲ್ಲಿ ಕೆಲಸ ಮಾಡಿದವನೂ ಅಲ್ಲ.

ಹಾಲು ಹಾಕಲು ಹೋದಾಗ ಡೇರಿಯ ಚಿಕ್ಕಸ್ವಾಮಿ ನಕ್ಕ. "ಜಾಜಿಕಾಯಿಗೆಲ್ಲ ಬಂಗು ಎದ್ರುತದೇನ್ಲಾ? ನಿಂಬೆಹಣ್ಗೆ ಸೋಡ ಆಕಿ ಉಜ್ಜು. ನಾನು ಕ್ಯಾನ್ ತೊಳ್ಯೋದೂ ಅಂಗೇಯ," ಎಂದವನು ತಾನೇ ಉಜ್ಜಿಯೂಬಿಟ್ಟ.

"ಉರೀತದೆ ಕಣಣ್ಣೋ!"

"ಉರುದ್ರೆ ಕೆಲ್ಸ ಮಾಡ್ತಾ ಅದೆ ಅಂತ. ಸುಮ್ಕಿರು."

ಉರಿ ತಾಳಲಾರದೆ ಓಡುತ್ತಿದ್ದವನನ್ನು ಅಕ್ಕಸಾಲಿ ನಾಗರಾಜಾಚಾರ್ರು ಅಂಗಡಿಯೊಳಕ್ಕೆ ಎಳೆದುಕೊಂಡರು. "ಕಪ್ಪಾದ ಓಲೇನೇ ಫಳಫಳ ಅನ್ಸೋನು ನಾನು. ನಿನ್ ಕೆನ್ನೆ ಯಾವ್ ಲೆಕ್ಕ?" ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು, ಅಂಟುವಾಳದ ನೀರು ಚಿಮುಕಿಸಿ, ಒಡವೆ ತಿಕ್ಕುವ ಬ್ರಷ್ಷಿನಿಂದ ತಿಕ್ಕಿದರು. ಕೆನ್ನೆ ಚಿನ್ನವಲ್ಲ ಎಂಬುದು ಅವರ ಗಮನಕ್ಕೆ ಬಂದದ್ದು ರಘುನಂದನ ಊರು ಕೇಳುವಂತೆ ಕಿರುಚಿದ ಮೇಲೆ. ಆಗಲೂ ಅವರು ಕೆನ್ನೆಯನ್ನು ಬೆಳಕಿಗೆ ಹಿಡಿದು, "ಒಂದ್ ಪದರ ಓಯ್ತು. ಒಳ್ಗಡೆ ಇನ್ನೂ ಚೆನ್ನಾಗದೆ," ಎಂದರು.

ಸಂಜೆಯ ಹೊತ್ತಿಗೆ ಮುಖ ಕೆಂಪಗೆ ಊದಿತ್ತು. ಬಂಗು ಮಾತ್ರ ಮಧ್ಯದಲ್ಲಿ ಮೊದಲಿಗಿಂತ ಕಪ್ಪಾಗಿ, ಮಾವನ ಮನೆಗೆ ಬಂದ ಅಳಿಯನಂತೆ ಕೂತಿತ್ತು. ಟವೆಲ್ ಸುತ್ತಿಕೊಂಡವನನ್ನು ಅರುಣನೇ ಬೈಕಿನಲ್ಲಿ ಸ್ಟುಡಿಯೋಗೆ ಕರೆದೊಯ್ದ.

ಟವೆಲ್ ತೆಗೆದು ನೋಡಿದ ಶಂಕರ್ ಮೊದಲು ಬೆಚ್ಚಿದ. ಆಮೇಲೆ ಚಪ್ಪಾಳೆ ತಟ್ಟಿದ. "ಬರೀ ಬಂಗಿದ್ರೆ ಸಾಕಾಗಿತ್ತು. ಇದು ಇನ್ನೂ ಪಸಂದಾಗಿ ಅದೆ ಕಣ್ಲಾ! ಅಳ್ಳಾಡ್ಬ್ಯಾಡ!"

ಫೋಟೊ ತೆಗೆದದ್ದಾದ ಮೇಲೆಯೇ ರಘುನಂದನ ಕಂಪ್ಯೂಟರ್ ಕಡೆ ನೋಡಿದ್ದು. 'ಚಂದ್ರಕಾಂತಿ ಬಂಗು ನಿವಾರಕ ಕ್ರೀಮ್' ಎಂದಿತ್ತು. ಎಡಗಡೆ ಚೌಕದ ಕೆಳಗೆ 'ಬಳಸುವ ಮುನ್ನ', ಬಲಗಡೆ ಚೌಕದ ಕೆಳಗೆ 'ಬಳಸಿದ ನಂತರ'. ಎಡಗಡೆ ಅವನ ಮುಖ ಬಂದು ಕೂತಿತು. ಬಲಗಡೆ ಇನ್ನೂ ಖಾಲಿ.

"ಬ್ಯಾಡ ಕಣಣ್ಣ, ನನ್ ಮಾನ ಓಯ್ತದೆ," ಎಂದು ರಘುನಂದನ ಅಂಗಲಾಚಿದ. ಶಂಕರ್ ಅವನ ಕಡೆ ತಿರುಗಲೂ ಇಲ್ಲ. ಬಾಗಿಲಲ್ಲಿ ತಲೆ ಬಾಚಿಕೊಳ್ಳುತ್ತಿದ್ದ ಅರುಣನನ್ನು ನೋಡುತ್ತಿದ್ದ.

"ಲೇ, ನೀನೂ ಒಸಿ ಇತ್ತಗೆ ಬಂದು ನಿಂತ್ಕೊಳ್ಲಾ."

ಫ್ಲೆಕ್ಸ್ ಏರಿತು. ರಘುನಂದನ ನಾಚಿಕೆಯಿಂದ ಪೇಟೆಯ ದಾರಿಯನ್ನೇ ಬಿಟ್ಟ. ಆದರೆ ಒಂದು ದಿನ ನಾಗಮಂಗಲದಿಂದ ಫೋನ್ ಬಂತು. "ಫ್ಲೆಕ್ಸ್ ನೋಡುದ್ವಿ ಕಣವ್ವ. ಎಲ್ರಿಗೂ ಒಪ್ಪಿಗೆ ಆಯ್ತು. ಭಾನ್ವಾರ ಬತ್ತೀವಿ."

ಚಿಕ್ಕಬೋರಮ್ಮ ಅತ್ತೇಬಿಟ್ಟಳು. ಬಂಗಿದ್ದರೂ ಒಪ್ಪಿದರಲ್ಲ ಎಂದು ರಘುನಂದನ ಹಿಗ್ಗಿಹೋದ. ಆ ಸಂತೋಷದಲ್ಲಿ ಎಲ್ಲರನ್ನೂ ಕ್ಷಮಿಸಿದ, ಆಚಾರ್ರನ್ನೂ ಸೇರಿಸಿ.

ಭಾನುವಾರ ಜನ ಬಂದರು. ಹುಡುಗಿಯ ಅಪ್ಪ ನೀರು ಕುಡಿದು, ಹೊಸ ಅಂಗಿ ತೊಟ್ಟು ನಿಂತಿದ್ದ ರಘುನಂದನನ ಕೆನ್ನೆ ನೋಡಿ, ಒಳಕೋಣೆಯ ಕಡೆ ಕತ್ತು ಚಾಚಿದರು.

"ಹುಡ್ಗನ್ನ ಕರೀರಿ."

"ಇವ್ನೇ ಕಣಪ್ಪ ಹುಡ್ಗ," ಎಂದಳು ಚಿಕ್ಕಬೋರಮ್ಮ.

ಅವರು ಮೊಬೈಲಿನಲ್ಲಿ ಫ್ಲೆಕ್ಸಿನ ಫೋಟೊ ತೆಗೆದು, ಬಲಗಡೆಯ ಮುಖದ ಮೇಲೆ ಬೆರಳಿಟ್ಟರು. "ಬಂಗು ಓಗಿ ಇಂಗಾಗವ್ರೆ ಅಂತ ತಾನೇ ನಾವು ಬಂದಿದ್ದು? ಇವ್ರು 'ಮುನ್ನ' ಕಣವ್ವ. ನಮ್ಗೆ ಬೇಕಾಗಿರೋದು 'ನಂತರ'."

ಬಾಗಿಲಲ್ಲಿ ನಿಂತಿದ್ದ ಮಂಗಳಮ್ಮ ಸೆರಗು ಸರಿಮಾಡಿಕೊಂಡಳು.

"'ನಂತರ' ನಮ್ಮನೇಲವ್ನೆ, ಬನ್ನಿ."

ಕಾಫಿ ಲೋಟಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಎದ್ದರು. ಅವರ ಹಿಂದೆ ಹೊರಟ ಮಂಗಳಮ್ಮನಿಗೆ ನಿಜವಾಗಿಯೂ ಕರುಳು ಚುರುಕ್ಕೆಂದಿತು. ಹೊಸಿಲಲ್ಲಿ ತಿರುಗಿ ನಿಂತು ಹೇಳಿದಳು:

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಮಗ. ಜಾಜಿಕಾಯಿ ಇನ್ನೊಂದ್ ವಾರ ಬಳ್ಕೊ."