ಎರಡೂವರೆ ರೂಪಾಯಿಯ ನೋಟು

ಮೂಡಲಗಿಯ ಮೆಣಸಿನಕಾಯಿ ವ್ಯಾಪಾರಿ ವರ್ಧಮಾನನ ತಂದೆ ತೀರಿಕೊಂಡು ವರ್ಷಗಳಾಗಿದ್ದವು. ಅವರ ಕೋಟಿನ ಅಸ್ತರ ಬಿಚ್ಚುತ್ತಿದ್ದ ವರ್ಧಮಾನನ ಹೆಂಡತಿ ಸೀತಾಬಾಯಿಗೆ ಅಂದು ಮುಂಜಾನೆ ಒಂದು ನೋಟು ಸಿಕ್ಕಿತು. ಐದನೆಯ ಜಾರ್ಜ್ ದೊರೆಯ ಮುಖವಿದ್ದ ಎರಡೂವರೆ ರೂಪಾಯಿಯ ನೋಟು. ಅಂಥವು ಚಲಾವಣೆಯಿಂದ ಹೋಗಿ ಯಾವ ಕಾಲವಾಗಿತ್ತೋ!

ಸುದ್ದಿ ಗೋಡೆ ಹಾರಿತು. ಬಾಜೂಮನೆಯ ಇಂದ್ರವ್ವ ಕೈಯಲ್ಲಿದ್ದ ಅಂಟುವಾಳದ ನೊರೆ ಸಮೇತ ಬಂದಳು.

“ಎಷ್ಟ್ ಹೊಲಸಾಗೇತಿ! ತಾ ಇಲ್ಲೆ, ತೊಳದ ಕೊಡತೇನಿ.”

“ಏ ಇಂದ್ರವ್ವಾ, ಮುಟ್ಟಬ್ಯಾಡ!” ಎಂದು ಎದುರುಮನೆಯ ಗುರುಲಿಂಗಪ್ಪ ಮಾಸ್ತರರು ಓಡಿಬಂದರು. “ತೊಳದ್ರ, ಮಡಚಿದ್ರ, ಕಿಮ್ಮತ್ತೆಲ್ಲಾ ಹೋಗತೈತಿ. ಗೋಕಾಕದಾಗ ಶಾಂತಿನಾಥ ವಕೀಲರು ಹಳೀ ನೋಟು ಕೂಡಿಡತಾರ. ಇದ್ದಂಗ ಒಯ್ದ ಕೊಟ್ರ ನಲವತ್ತು ರೂಪಾಯಿ ಎಲ್ಲೂ ಹೋಗಿಲ್ಲ!”

ಸೀತಾಬಾಯಿ ಆಗಲೇ ಕಿವಿ ಮುಟ್ಟಿಕೊಂಡು ಬುಗುಡಿಯ ನಮೂನೆ ಯೋಚಿಸತೊಡಗಿದಳು.

ಮಾಸ್ತರರು ನೋಟನ್ನು ಶಾಲೆಯ ಮಕ್ಕಳು ಬರೆಯುವ ಎರಡು ಪಾಟಿಗಳ ನಡುವೆ ಇಟ್ಟು ಸುತಳಿಯಿಂದ ಬಿಗಿದುಕೊಟ್ಟರು. ವರ್ಧಮಾನ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಗೋಕಾಕದ ಮೋಟಾರು ಹತ್ತಿದ.

“ಏನ್ ಸಾವಕಾರ್ರ, ಈ ವಯಸ್ಸಿನ್ಯಾಗ ಸಾಲಿಗಿ ಹೊಂಟೀರೇನ್ರಿ?” ನಾಗನೂರಿನಲ್ಲಿ ಹತ್ತಿದ ಒಬ್ಬಾತ ಕೇಳಿದ. ಮೋಟಾರೆಲ್ಲ ನಕ್ಕಿತು. ದಾರಿಯ ತಗ್ಗಿಗೆ ಗಾಡಿ ಜಿಗಿದಾಗ ವರ್ಧಮಾನ ಕಂಬಿ ಹಿಡಿಯಲಿಲ್ಲ, ಪಾಟಿಯನ್ನೇ ಹಿಡಿದ. ಹಣೆಗೆ ನಿಂಬೆಹಣ್ಣಿನಂಥ ಗುಬುಟು ಬಂತು.

ವಕೀಲರು ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ಭೂತಗನ್ನಡಿ ತಂದರು. ಮೂಸಿಯೂ ನೋಡಿದರು.

“ಮಡಚಿಲ್ಲ, ತೊಳದಿಲ್ಲ. ಭಾಳ ಚಲೋ ತಂದೀರಿ,” ಎಂದರು. “ಆದ್ರ ಬೆಳಕಿಗಿ ಹಿಡದ್ರ ಕಾಗದದೊಳಗ ನೀರಚ್ಚು ಕಾಣಬೇಕು. ಇದರಾಗ ಇಲ್ಲ. ಇದು ಖರೇದಲ್ಲ, ಖೊಟ್ಟಿ ನೋಟು.”

ಹಾಗೆಂದು ನೋಟನ್ನು ಮೇಜಿನ ಮೇಲಿಟ್ಟು ಕಪಾಟಿನತ್ತ ತಿರುಗಿದರು. ಅದೇ ಹೊತ್ತಿಗೆ ಹೊರಗೆ ಬೂಟಿನ ಸಪ್ಪಳ.

“ವಕೀಲ ಸಾಹೇಬ್ರ, ಚಹಾ ಆತೇನ್ರಿ?” ಎನ್ನುತ್ತ ಪೊಲೀಸ್ ಫೌಜದಾರರು ಒಳಗೆ ಬಂದರು.

ಎದುರಿಗೆ ಖೊಟ್ಟಿ ನೋಟು, ಬಾಗಿಲಲ್ಲಿ ಫೌಜದಾರ! ವರ್ಧಮಾನ ಸರಕ್ಕನೆ ನೋಟನ್ನು ಉಂಡೆ ಮಾಡಿ ಬಾಯಿಗೆ ಹಾಕಿಕೊಂಡ. ತಂಬಿಗೆಯ ನೀರನ್ನು ಗಟಗಟ ಕುಡಿದು ನುಂಗಿಯೇಬಿಟ್ಟ.

ವಕೀಲರು ಹಣದ ಚೀಲ ಹಿಡಿದು ತಿರುಗಿದರು. “ಫೌಜದಾರ್ರ, ಇಷ್ಟ ದಿನ ಹುಡಕಾಕತ್ತಿದ್ನಲ್ಲ, ಸಿಕ್ತ ನೋಡ್ರಿ! ಖರೇ ನೋಟು ನನ್ನ ಹಂತ್ಯಾಕ ರಗಡ ಅದಾವು. ಖೊಟ್ಟಿದು ಒಂದೂ ಇರಲಿಲ್ಲ. ವರ್ಧಮಾನಪ್ಪ, ನೂರು ರೂಪಾಯಿ ತಗೋರಿ. ಅಂದಂಗ, ನೋಟು ಎಲ್ಲೈತಿ?”

ವರ್ಧಮಾನ ಬಾಯಿ ತೆರೆದ. ಮಾತಿನ ಬದಲು ತೇಗು ಬಂತು.

ಅವನು ಮನೆ ಮುಟ್ಟಿದಾಗ ಸೀತಾಬಾಯಿ ತಾಟು ಹಾಕಿಕೊಂಡು ಕಾಯುತ್ತಿದ್ದಳು. “ಲಗೂ ಬರ್ರಿ, ಹೊತ್ತು ಮುಳುಗೂದರೊಳಗ ಉಣ್ರಿ.”

“ನನಗ ಬ್ಯಾಡ. ಹೊಟ್ಟಿ ತುಂಬೇತಿ.”

“ಗೋಕಾಕದಾಗ ಕರದಂಟು ತಿಂದ್ರೇನು, ನನ್ನ ಬಿಟ್ಟು? ಎಷ್ಟರದ್ದು ತಿಂದ್ರಿ?”

“ನೂರು ರೂಪಾಯಿದು,” ಎಂದು ವರ್ಧಮಾನ ಗೋಡೆಗೆ ಒರಗಿದ.