ಗೊರಕೆ ನಿಂತ್ರೆ ಎದ್ದು ಕೂರೋಳು

ನಿದ್ದೆ ಬಾರದೆ ಫಜೀತಿ ಪಟ್ಟವರನ್ನ ನೀವು ನೋಡಿರ್ತೀರಿ. ನಾನು ನಿದ್ದೆ ಬಂದೇ ಫಜೀತಿ ಪಟ್ಟೋನು, ಅದೂ ಒಂದೆರಡು ಸಲ ಅಲ್ಲ. ಮೊಳಕಾಲ್ಮೂರಲ್ಲಿ ರೇಷ್ಮೆ ಸೀರೆ ನೇಯೋ ಮನೆ ನಮ್ಮದು. ಮದುವೆಯಲ್ಲಿ ಕಡ್ಡಿಯಂಗಿದ್ದೆ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತಲ್ಲೇ ಕೂತು, ಸಂಜೆಯಾದ್ರೆ ಮಂಡಕ್ಕಿ ಜೊತೆ ಎಣ್ಣೇಲಿ ಕರಿದ ಮೆಣಸಿನಕಾಯಿ ತಿಂದು, ತೊಂಬತ್ತೆಂಟನೇ ಇಸವಿ ಹೊತ್ತಿಗೆ ನನ್ನನ್ನ ಗುಂಡಿಯಿಂದ ಎಬ್ಬಿಸೋಕೆ ಇಬ್ಬರು ಬೇಕಾಗಿತ್ತು. "ಗಂಡ ಮೈತುಂಬಿಕೊಂಡವ್ನೆ, ಪುಣ್ಯ ಮಾಡಿದೀಯ" ಅಂತ ಬೀದಿಯೋರು ನನ್ನ ಹೆಂಡತಿಗೆ ಹೇಳೋರು. ಆ ಪುಣ್ಯ ರಾತ್ರಿಯೆಲ್ಲ ಗೊರಕೆ ಹೊಡೆದು, ಹಗಲೆಲ್ಲ ತೂಕಡಿಸ್ತಿತ್ತು.

ಅರ್ಧ ಮೀಸೆ

ಕ್ಷೌರದ ಅಂಗಡಿ ಕುರ್ಚಿಗೆ ತಲೆ ಆನಿಸಿದ್ದಷ್ಟೇ ಗೊತ್ತು. ಗೊರಕೆ ಶುರುವಾಗಿ, ನಡುವೆ ಉಸಿರು ಕಟ್ಟಿ, ಗಕ್ಕನೆ ಬೆಚ್ಚಿ ಎದ್ದೆ. ಕತ್ತಿ ಆಗ ಮೀಸೆ ಮೇಲಿತ್ತು. ಕನ್ನಡಿ ನೋಡಿದ್ರೆ ಎಡಗಡೆ ಮೀಸೆ ಇಲ್ಲ. ಕ್ಷೌರ ಮಾಡೋನು ನನಗಿಂತ ಹೆಚ್ಚು ನಡುಗ್ತಿದ್ದ. ಬಲಗಡೇದನ್ನೂ ತೆಗೆಸಿ, ಮನೇಲಿ ದೇವರಿಗೆ ಹರಕೆ ಒಪ್ಪಿಸಿದೆ ಅಂದೆ.

ಹೆಂಡತಿ ದಿಟ್ಟಿಸಿ ನೋಡಿ, "ತಲೆಗೂದಲು ಬಿಟ್ಟು ಮೀಸೆ ಕೇಳೋ ದೇವರು ಯಾವುದು?" ಅಂದ್ಲು.

ಬಸ್ಸಲ್ಲಿ ಸತ್ತಿದ್ದು

ಸೀರೆ ಗಂಟು ತೊಡೆ ಮೇಲಿಟ್ಕೊಂಡು ಚಳ್ಳಕೆರೆ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಆಂಧ್ರ ಗಡಿ ಕಡೆಯ ಒಬ್ಬ ಅಜ್ಜಿ. ನನ್ನ ಗೊರಕೆ ಏರಿ ಏರಿ ಇದ್ದಕ್ಕಿದ್ದಂಗೆ ನಿಂತಿತಂತೆ. ಅಜ್ಜಿ ಮೂಗಿನ ಹತ್ರ ಬೆರಳಿಟ್ಟು ನೋಡಿದ್ರೆ ಗಾಳಿಯೇ ಇಲ್ಲ. "ಪೋಯಾಡು", ಹೋಗ್ಬಿಟ್ಟ ಅಂತ ತೆಲುಗಲ್ಲೇ ಸಾರಿ, ಬಸ್ಸು ನಿಲ್ಲಿಸಿ, ಸಾಯೋರಿಗೆ ಬಿಡೋ ಹಂಗೆ ಬಾಯಿಗೆ ನೀರು ಬಿಟ್ಟಳು. ನಾನು ಕೆಮ್ಮಿ ಎದ್ದು ಕೂತು, ಚಳ್ಳಕೆರೆ ಬಂತಾ ಅಂದೆ.

ಅಜ್ಜಿ ಗಂಟುಮೂಟೆ ಎತ್ಕೊಂಡು ಹಿಂದಿನ ಸೀಟಿಗೆ ಹೋದಳು. "ಸತ್ತೋನ ಪಕ್ಕ ಬೇಕಾದ್ರೆ ಕೂರ್ತೀನಪ್ಪ, ಸತ್ತು ಎದ್ದೋನ ಪಕ್ಕ ನನ್ನ ಕೈಲಾಗಲ್ಲ."

ಬೆನ್ನಿಗೊಂದು ಲಾಳಿ

ಈ ಸುದ್ದಿ ನನಗಿಂತ ಮುಂಚೆ ಮನೆ ಸೇರಿತು. ಹೆಂಡತಿ ನಗಲಿಲ್ಲ. ಮಾರನೇ ದಿನ ಚಳ್ಳಕೆರೆ ಡಾಕ್ಟ್ರ ಮುಂದೆ ಕೂರಿಸಿದ್ಲು. ನಿದ್ದೆ ಹೇಗೆ ಅಂತ ಅವರು ಕೇಳಿದ್ರೆ, ಸೊಗಸಾಗಿ ಬರ್ತೈತೆ ಅಂದೆ.

"ಇವರಿಗೇನು ಗೊತ್ತು ಸಾರ್," ಅಂದ್ಲು ಅವಳು. "ಮಗ್ಗದ ಮನೇಲಿ ಸದ್ದಿಗೆ ಯಾರಿಗೂ ಎಚ್ಚರ ಆಗಲ್ಲ. ಸದ್ದು ನಿಂತ್ರೆ ಎಳೆ ಕಡಿದೈತೆ ಅಂತ ಏಳ್ತೀವಿ. ನಾಲ್ಕು ವರ್ಷದಿಂದ ಇವರ ಉಸಿರು ನಿಂತಾಗೆಲ್ಲ ಎದ್ದು ಅಲುಗಾಡಿಸ್ತಿದೀನಿ."

ನಾನು ಅದನ್ನ ಕೇಳಿದ್ದು ಅವತ್ತೇ ಮೊದಲು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಡಾಕ್ಟ್ರು ನನ್ನ ಬಿಟ್ಟು ಅವಳಿಗೇ ವಿವರಿಸಿದ್ರು. ಕತ್ತಿನ ಸುತ್ತ ಕೊಬ್ಬು ಬೆಳೆದು, ಮಲಗಿದಾಗ ಗಂಟಲ ದಾರಿ ಮುಚ್ಚುತ್ತೆ. ಉಸಿರು ಕಟ್ಟಿ ನಿದ್ದೆ ಕೆಡುತ್ತೆ. ನಿದ್ದೆ ಕೆಟ್ರೆ ಹಸಿವು ಹೆಚ್ಚಿ ಮೈ ಇನ್ನೂ ಬೆಳೆಯುತ್ತೆ. ಬಿಪಿ, ಸಕ್ಕರೆ ಕಾಯಿಲೆ ಜೊತೆಗೇ ಬರ್ತವೆ, ಹೀಗೇ ಬಿಟ್ರೆ ಹೃದಯಕ್ಕೂ ಕುತ್ತು. ನನಗೆ ಬಿಪಿ, ಸಕ್ಕರೆ ಎರಡೂ ಆಗಲೇ ಬಂದಿದ್ವು. ತೂಕ ಇಳಿಸಬೇಕು, ಅಂಗಾತ ಮಲಗಬಾರದು ಅಂದ್ರು.

ಹೆಂಡತಿ ನನ್ನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು, ಮಗ್ಗದಲ್ಲಿ ನೂಲು ಹಾಯಿಸೋ ಹಳೇ ಲಾಳಿ ಒಂದನ್ನ ಅದರಲ್ಲಿಟ್ಟಳು. ಅಂಗಾತ ಹೊರಳಿದ್ರೆ ಸಾಕು, ತಿವಿಯೋದು. ಹಗಲೆಲ್ಲ ನಾನು ಲಾಳಿ ಓಡಿಸಿದ್ರೆ, ರಾತ್ರಿಯೆಲ್ಲ ಅದು ನನ್ನ ಓಡಿಸೋದು.

ಬೇಕಂತ ಹೊಡೆದ ಗೊರಕೆ

ಎರಡು ಮುದ್ದೆ ಒಂದಾಯ್ತು, ಮೆಣಸಿನಕಾಯಿ ಬಂದ್ ಆಯ್ತು, ಬೆಳಗ್ಗೆ ಗುಡ್ಡದ ತನಕ ನಡಿಗೆ ಶುರುವಾಯ್ತು. ವರ್ಷದೊಳಗೆ ಮೈ ಇಳೀತು, ಗೊರಕೆ ಹೋಯ್ತು.

ಒಂದು ರಾತ್ರಿ ಎಚ್ಚರಾದ್ರೆ ನನ್ನ ಮೂಗಿನ ಹತ್ರ ಅವಳ ಬೆರಳು. ಏನು ಅಂತ ಕೇಳಿದೆ.

"ಸದ್ದೇ ಇಲ್ಲ ಕಣ್ರಿ. ಎದೆ ಡವಡವ ಅಂತೈತೆ."

ಚೆನ್ನಾಗಿದೀನಿ, ಮಲಕ್ಕೋ ಅಂದೆ. ಮಲಗಿದ್ಲು, ಮತ್ತೆ ಎದ್ದು ಕೂತಳು. ನನ್ನ ಉಸಿರು ಕಾದು ಕಾದು, ಈಗ ನಾನು ನೆಟ್ಟಗಾದ್ರೂ ಅವಳಿಗೆ ನಿದ್ದೆ ಇಲ್ಲ. ಗೋಡೆ ಕಡೆ ತಿರುಗಿ, ಮೆಲ್ಲಗೆ ಗೊರಕೆ ಹೊಡೆಯೋಕೆ ಶುರು ಮಾಡಿದೆ. ಎಲ್ಲೂ ಕಡಿಯದಂಗೆ, ಒಂದೇ ಸಮ. ಸ್ವಲ್ಪ ಹೊತ್ತಿಗೆ ಅವಳು ಮಗುವಿನಂಗೆ ನಿದ್ದೆ ಹೋದಳು. ಎಚ್ಚರಾದಾಳು ಅಂತ ಕೋಳಿ ಕೂಗೋ ತನಕ ಬಿಡದೆ ಹೊಡೆದೆ.

ಬೆಳಗ್ಗೆ ತಟ್ಟೆಯಲ್ಲಿ ಅರ್ಧ ಮುದ್ದೆ. ಉಳಿದರ್ಧ ಎಲ್ಲಿ ಅಂತ ಕೇಳಿದೆ.

"ರಾತ್ರಿಯೆಲ್ಲ ಗೊರಕೆ ಹೊಡೆದ್ರಲ್ಲ, ತೂಕ ಮತ್ತೆ ಏರೈತೆ. ಇನ್ಮೇಲೆ ಇಷ್ಟೇ."

ಅವಳ ಮುಖ ನೋಡಿದೆ. ಎಷ್ಟೋ ವರ್ಷದ ಮೇಲೆ ನಿದ್ದೆ ಮಾಡಿ ಎದ್ದ ಕಳೆ. ಬಾಯಿ ಮುಚ್ಕೊಂಡು ಅರ್ಧ ಮುದ್ದೆ ಉಂಡು ಎದ್ದೆ.