ಬೆಸ ಹೆದ್ದಾರಿಯ ಎದುರಿಗೆ ಮುಳುಗಿದ ಸೂರ್ಯನ ಕುರಿತು

ಹೆದ್ದಾರಿಗಳಿಗೆ ಸಂಖ್ಯೆ ದಯಪಾಲಿಸುವ ಇಲಾಖೆಯ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಮೂವತ್ತೆಂಟನೇ ಹೆದ್ದಾರಿಯ ಬದಿಯಲ್ಲಿ, ಹಳೇ ಟೈರುಗಳ ರಾಶಿಯ ಪಕ್ಕ ಚಹಾ ಕಾಯಿಸುತ್ತ ಕುಳಿತಿರುವ ನನ್ನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮಾತಿಗೆ. ಮಂಡಿನೋವಿನ ದೆಸೆಯಿಂದ ಅರ್ಧದವರೆಗೆ ಮಾತ್ರ ಬಗ್ಗಬಲ್ಲೆನಾದ್ದರಿಂದ ಉಳಿದರ್ಧ ಆಗಿದೆಯೆಂದೇ ತಾವು ಭಾವಿಸಿಕೊಳ್ಳಬೇಕು. ನಮ್ಮ ಯಜಮಾನರು ಪಂಕ್ಚರ್ ಹಾಕುತ್ತಾರೆ, ಕೆಟ್ಟು ನಿಂತ ಗಾಡಿಗಳನ್ನು ವ್ಯಾನಿಗೆ ಕಟ್ಟಿ ಎಳೆದು ತರುತ್ತಾರೆ. ಫೋನ್ ಎತ್ತಿ, ಗಾಡಿ ಯಾವ ರಸ್ತೆಯಲ್ಲಿ ನಿಂತಿದೆಯೆಂದು ಕೇಳಿ ತಿಳಿಯುವುದು ನನ್ನ ಕೆಲಸ. ಹಾಗಾಗಿ ತಮ್ಮ ಸಂಖ್ಯೆಗಳನ್ನು ನನ್ನಷ್ಟು ಭಕ್ತಿಯಿಂದ ಗಮನಿಸಿದವರು ತಮ್ಮ ಇಲಾಖೆಯಲ್ಲೂ ಇರಲಾರರು.

ಮೊದಲೆಲ್ಲ ರಸ್ತೆಗಳಿಗೆ ಬಾಯಿಗೆ ಬಂದ ಸಂಖ್ಯೆಗಳಿದ್ದವು. ಐದರ ಪಕ್ಕ ತೊಂಬತ್ತು, ತೊಂಬತ್ತರ ಪಕ್ಕ ಹನ್ನೆರಡು. ತಾವು ಬಂದು ಅವನ್ನೆಲ್ಲ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಲ್ಲಿಸಿದಿರಿ. ದಕ್ಷಿಣದಿಂದ ಉತ್ತರಕ್ಕೆ ಹೋಗುವ ರಸ್ತೆಗಳಿಗೆಲ್ಲ ಬೆಸ ಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋಗುವವಕ್ಕೆಲ್ಲ ಸಮ ಸಂಖ್ಯೆ. ತಾಯಿ ರಸ್ತೆಗೆ ಎರಡಂಕಿ, ಅದರಿಂದ ಕವಲೊಡೆದ ಮರಿ ರಸ್ತೆಗೆ ತಾಯಿಯ ಸಂಖ್ಯೆಯ ಮುಂದೆ ಇನ್ನೊಂದಂಕಿ. ಮೂವತ್ತೆಂಟರ ಚೊಚ್ಚಲು ನೂರಾ ಮೂವತ್ತೆಂಟು, ಎರಡನೆಯದು ಇನ್ನೂರಾ ಮೂವತ್ತೆಂಟು, ಹೀಗೆ ಒಂಬೈನೂರಾ ಮೂವತ್ತೆಂಟಕ್ಕೆ ಬಂದು ನಿಲ್ಲಬೇಕು. ಒಂಬತ್ತಾದ ಮೇಲೆ ಯಾವ ರಸ್ತೆಯೂ ಹೆರುವಂತಿಲ್ಲವೆಂಬ ತಮ್ಮ ಕಟ್ಟುನಿಟ್ಟನ್ನು ನಾನು ಮೆಚ್ಚಿ ತಲೆದೂಗಿದ್ದೇನೆ.

ನಮ್ಮ ಯಜಮಾನರದು ಇನ್ನೂ ಒಂದು ಕೈ ಮೇಲು. ಟ್ಯೂಬಿಗೆ ತೇಪೆ ಹಚ್ಚುತ್ತಲೇ ಅವರು ಹತ್ತೊಂಬತ್ತರ ಮಗ್ಗಿ ಹೇಳುತ್ತಾರೆ: ಹತ್ತೊಂಬತ್ತೆರಡ್ಲ ಮೂವತ್ತೆಂಟು, ಅದು ನಮ್ಮ ರಸ್ತೆ, ಹತ್ತೊಂಬತ್ಮೂರ್ಲ ಐವತ್ತೇಳು, ಅದು ದೊಡ್ಡ ವೃತ್ತದಲ್ಲಿ ನಮ್ಮನ್ನು ದಾಟಿ ಉತ್ತರಕ್ಕೆ ಹೋಗುವ ರಸ್ತೆ. ಇವೆರಡರ ಚೊಚ್ಚಲ ಮರಿಗಳಾದ ನೂರಾ ಮೂವತ್ತೆಂಟಕ್ಕೂ ನೂರಾ ಐವತ್ತೇಳಕ್ಕೂ ನಡುವಿನ ಅಂತರವೂ ಹತ್ತೊಂಬತ್ತೇ ಎಂದು ಕಂಡುಹಿಡಿದ ದಿನ ಅವರು "ನೋಡೇ, ಮಕ್ಕಳಿಗೂ ಮನೆತನದ ಮೂಗು ಬಂದುಬಿಟ್ಟಿದೆ" ಎಂದು ಹಿಗ್ಗಿ, ಗಿರಾಕಿಯ ತೇಪೆಯನ್ನು ತೂತಿಲ್ಲದ ಕಡೆ ಅಂಟಿಸಿದರು.

ತಮ್ಮ ನಿಯಮದ ಮೇಲೆ ನಂಬಿಕೆಯಿಟ್ಟು ನಾನೂ ಒಂದು ಸೂತ್ರ ಕಟ್ಟಿದೆ: ಸಂಜೆ ಸೂರ್ಯ ಕಣ್ಣಿಗೆ ಹೊಡೆದರೆ ಸಮ, ಕೆನ್ನೆಗೆ ಹೊಡೆದರೆ ಬೆಸ. ದಾರಿ ತಪ್ಪಿದವರು ಫೋನ್ ಮಾಡಿದಾಗ "ಬಿಸಿಲು ಎಲ್ಲಿ ಬೀಳ್ತಿದೆ ಹೇಳಿ" ಎಂದು ಕೇಳಿದರೆ ಸಾಕು, ಯಜಮಾನರು ವ್ಯಾನ್ ಹತ್ತುತ್ತಿದ್ದರು. ಕೈಗಡಿಯಾರ ರಿಪೇರಿ ಮಾಡುವ ನನ್ನ ಮಗನಿಗೆ ಊರಾಚೆಯ ರಸ್ತೆಗಳ ಗಂಧಗಾಳಿ ಇಲ್ಲ; ಆದರೂ ಈ ಸೂತ್ರ ಮಾತ್ರ ಅವನಿಗೆ ಬಾಯಿಪಾಠ.

ಮೊನ್ನೆಯ ಬೇಸಿಗೆಗಿಂತ ಹಿಂದಿನ ಬೇಸಿಗೆಯಲ್ಲಿ ಅವನು ತುಂಬು ಬಸುರಿ ಹೆಂಡತಿಯನ್ನು ಅವಳ ಅಕ್ಕನ ಮನೆಯಿಂದ ಕರೆತರುತ್ತಿದ್ದಾಗ ಅವಳಿಗೆ ನೋವು ಶುರುವಾಯಿತು. ಗಾಬರಿಯಲ್ಲಿ ದೊಡ್ಡ ವೃತ್ತವನ್ನು ಎರಡು ಸುತ್ತು ಹಾಕಿ, ಆಸ್ಪತ್ರೆಯ ಬಾಣದ ಗುರುತು ಕಂಡ ಕಡೆ ತಿರುಗಿಸಿದನಂತೆ. ಮುಂದೆ ಕಲ್ಲುಕ್ವಾರಿಯ ಬಳಿ ಟೈರ್ ಸಿಡಿಯಿತು. ಟೈರ್ ಅಂಗಡಿಯ ಮನೆತನವೆಂದ ಮೇಲೆ ಸ್ಟೆಪ್ನಿ ಇರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಅದನ್ನು ಯಜಮಾನರು ಯಾವುದೋ ಗಿರಾಕಿಗೆ ಹಾಕಿ ಕಳಿಸಿದ್ದರು. ರಸ್ತೆ ಬದಿಯ ಕಲ್ಲಿನ ಮೇಲಿನ ಸಂಖ್ಯೆ ಕ್ವಾರಿಯ ಧೂಳಿನಡಿ ಹೂತುಹೋಗಿತ್ತು. ಮಗ ತಲೆಯೆತ್ತಿದ, ಸೂರ್ಯ ನೆಟ್ಟಗೆ ಕಣ್ಣಿಗೆ ಹೊಡೆದ. ಹಾಗಾದರೆ ಸಮ ಎಂದುಕೊಂಡು ಆಂಬುಲೆನ್ಸಿಗೆ ಫೋನ್ ಮಾಡಿ ಮೂವತ್ತೆಂಟು ಎಂದ.

ಅವನಿದ್ದದ್ದು ಐವತ್ತೇಳರಲ್ಲಿ, ಮಾನ್ಯರೇ. ಉತ್ತರಕ್ಕೆ ಹೋಗಬೇಕಾದ ಆ ರಸ್ತೆ ಕ್ವಾರಿಯ ಹೊಂಡವನ್ನು ಬಳಸಿಕೊಂಡು, ತಮ್ಮನ್ನು ಒಂದು ಮಾತೂ ಕೇಳದೆ, ಪಶ್ಚಿಮಕ್ಕೆ ತಿರುಗಿ ಬಹಳ ದೂರ ಹೋಗುತ್ತದೆ. ಇತ್ತ ಮೂವತ್ತೆಂಟರಲ್ಲಿ ನನ್ನ ಅಂಗಡಿಯ ಮುಂದೆ ಆಂಬುಲೆನ್ಸ್ ಸೈರನ್ ಹೊಡೆದುಕೊಳ್ಳುತ್ತ ಹೋಯಿತು, ಬಂತು, ಮತ್ತೆ ಹೋಯಿತು. ಯಾರ ಮನೆಯ ಜೀವವೋ ಪಾಪ ಎಂದು ಮರುಗುತ್ತ ನಾನು ಲೋಟ ತೊಳೆಯುತ್ತಿದ್ದೆ. ಆಗ ಸೊಸೆಯ ಫೋನ್ ಬಂತು. "ಅತ್ತೆ, ನಿಮ್ಮ ಮಗ ಸೂರ್ಯನ್ನ ನೋಡ್ತಾ ನಿಂತಿದಾರೆ. ಇಲ್ಲಿ ಕಲ್ಲು ಕ್ವಾರಿ ಇದೆ, ಲಾರಿಗಳಿವೆ. ಮಾವನ್ನ ಕಳಿಸಿ, ಬೇಗ." ಆ ಜೀವ ನಮ್ಮ ಮನೆಯದೇ ಎಂದು ತಿಳಿದ ಗಳಿಗೆಯಲ್ಲಿ ಲೋಟ ಅಲ್ಲೇ ಬಿಟ್ಟು ಯಜಮಾನರ ಜೊತೆ ನಾನೂ ವ್ಯಾನ್ ಹತ್ತಿದೆ, ಆ ಭಯ ಈಗಲೂ ನನ್ನನ್ನು ಬಿಟ್ಟಿಲ್ಲ. ಮೊಮ್ಮಗಳು ಹುಟ್ಟಿದ್ದು ಎಳೆಯುವ ವ್ಯಾನಿನ ಸೀಟಿನಲ್ಲಿ, ಗ್ರೀಸಿನ ಡಬ್ಬಿಗೂ ನನ್ನ ಮಡಿಲಿಗೂ ನಡುವೆ. ತಮ್ಮ ನಿಯಮವನ್ನು ಗೌರವಿಸಿ ಮನೆಯಲ್ಲಿ ಅವಳನ್ನು ನೂರಾ ಐವತ್ತೇಳು ಎಂದೇ ಕರೆಯುತ್ತೇವೆ.

ಆ ತಿರುವಿನಲ್ಲಿ ಒಂದು ಫಲಕ ಹಾಕಿಸಿ, ನಕ್ಷೆಯನ್ನು ತಿದ್ದಿಸಿ ಎಂದು ಬೇಡಿಕೊಂಡಾಗ ತಮ್ಮ ಕಚೇರಿ ಎಷ್ಟು ಚೆಂದದ ಉತ್ತರ ಕಳಿಸಿತು! ಐವತ್ತೇಳು ಬೆಸ ಸಂಖ್ಯೆಯಾದ್ದರಿಂದ ಅದು ಪಶ್ಚಿಮಕ್ಕೆ ಹೋಗಲು ಸಾಧ್ಯವೇ ಇಲ್ಲ, ಆದ್ದರಿಂದ ನಾನು ಹೇಳುವ ತಿರುವು ಅಸ್ತಿತ್ವದಲ್ಲಿಲ್ಲವಂತೆ. ತಮ್ಮ ನಕ್ಷೆಯಲ್ಲಿ ಆ ರಸ್ತೆ ಅಡಿಪಟ್ಟಿ ಇಟ್ಟು ಗೆರೆ ಎಳೆದಷ್ಟು ನೇರವಾಗಿ ಕ್ವಾರಿಯ ಹೊಂಡದ ಮೇಲೇ ಹಾದುಹೋಗುತ್ತದೆ. ಆಂಬುಲೆನ್ಸಿನವರು ನೋಡಿಕೊಂಡು ಬರುವುದೂ ಅದೇ ನಕ್ಷೆಯನ್ನು.

ಹೀಗಿರುವಾಗ ತಪ್ಪು ತಮ್ಮದಾಗಿರಲು ಸಾಧ್ಯವಿಲ್ಲವಾಗಿ, ನನ್ನ ವಿನಮ್ರ ಕೋರಿಕೆ ಇಷ್ಟೇ. ದಯವಿಟ್ಟು ಸೂರ್ಯನನ್ನು ಪಶ್ಚಿಮದಿಂದ ಉತ್ತರಕ್ಕೆ ವರ್ಗಾಯಿಸಿ. ತಮ್ಮ ಇಲಾಖೆಯಲ್ಲಿ ವರ್ಗಾವಣೆಗೆ ಬರವಿಲ್ಲವೆಂದು ಕೇಳಿದ್ದೇನೆ. ಅದಕ್ಕೆ ಮೇಲಿನವರ ಒಪ್ಪಿಗೆ ಸಿಗದಿದ್ದರೆ ಆ ತಿರುವಿನ ಉದ್ದಕ್ಕೂ ರಸ್ತೆಯನ್ನು ಐವತ್ತೇಳೂವರೆ ಎಂದು ಘೋಷಿಸಬಹುದು. ಅದು ಸಮವೂ ಅಲ್ಲ, ಬೆಸವೂ ಅಲ್ಲ, ಯಾರ ಮರ್ಯಾದೆಯೂ ಹೋಗುವುದಿಲ್ಲ. ಇದಾವುದೂ ಆಗದಿದ್ದರೆ ಕಡೆಗೆ ಒಂದು ತಗಡು, ಒಂದು ಡಬ್ಬಿ ಬಣ್ಣ. ಅವಸರ ಮಾಡುತ್ತಿದ್ದೇನೆಂದು ಬೇಸರಿಸಬಾರದು. ಸೊಸೆಗೆ ಈಗ ಮತ್ತೆ ಏಳು ತಿಂಗಳು. ಆಸ್ಪತ್ರೆ ಇರುವುದು ಆ ತಿರುವಿನ ಆಚೆಗೇ.

ತಮ್ಮ ನಿಯಮವನ್ನು ಸೂರ್ಯನಿಗಿಂತ ಹೆಚ್ಚು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ,
ನೂರಾ ಐವತ್ತೇಳರ ಅಜ್ಜಿ

ತಾ.ಕ.: ತಮ್ಮ ದಾರಿ ಕಾಯದೆ ನಮ್ಮ ಯಜಮಾನರೇ ಹೋದ ವಾರ ಒಂದು ಹಳೇ ಟೈರಿನ ಮೇಲೆ "ಇದು ಐವತ್ತೇಳೇ, ಸೂರ್ಯನನ್ನು ನಂಬಬೇಡಿ" ಎಂದು ಬರೆದು ಆ ತಿರುವಿನಲ್ಲಿ ನೆಟ್ಟು ಬಂದಿದ್ದರು. ನಿನ್ನೆ ಮಧ್ಯಾಹ್ನದ ಮೇಲೆ ತಮ್ಮ ಇಲಾಖೆಯ ಸಾಹೇಬರೊಬ್ಬರು ಬಂದು, ಪಶ್ಚಿಮಕ್ಕೆ ಹೋಗುವ ರಸ್ತೆಗೆ ಬೆಸ ಸಂಖ್ಯೆ ಬರೆಯುವುದು ಜನರ ದಾರಿ ತಪ್ಪಿಸಿದಂತೆ ಎಂದು ಅದನ್ನು ಕಿತ್ತು ಜೀಪಿಗೆ ಹಾಕಿಕೊಂಡು ಹೋದರೆಂದು ಕ್ವಾರಿಯವರು ಹೇಳಿದರು. ಸಂಜೆ ಆ ಸಾಹೇಬರದೇ ಫೋನ್ ಬಂತು. ಜೀಪು ಕೆಟ್ಟು ನಿಂತಿದೆಯಂತೆ, ಮೂವತ್ತೆಂಟರಲ್ಲಿ. ಸಾಹೇಬರೇ ಹೇಳಿದ ಮೇಲೆ ಎದುರಾಡುವುದುಂಟೇ? ಯಜಮಾನರು ಕತ್ತಲಾಗುವವರೆಗೂ ಮೂವತ್ತೆಂಟನ್ನು ಭಕ್ತಿಯಿಂದ ಜಾಲಾಡಿ ಬರಿಗೈಲಿ ಬಂದರು. ತಾವು ಅವರಿಗೆ ಫೋನ್ ಮಾಡಿದರೆ ದಯವಿಟ್ಟು ತಿಳಿಸಿ: ಅವರೆಲ್ಲಿದ್ದಾರೆಂಬುದು ಜೀಪಿನ ಹಿಂದಿನ ಸೀಟಿನಲ್ಲಿರುವ ಟೈರಿನ ಮೇಲೇ ಬರೆದಿದೆ.